ಒಂದು ದಿನಕ್ಕೆ ಒಂದೇ ಜಾಗ ಸಾಕು: ಮುಂಬೈಯಲ್ಲಿ ಸಂಘದ ಹೊರಸಂಚಾರ ಹೇಗೆ ಮಾಡಬೇಕು?

ಪ್ರಶ್ನೆ: ನಾನು ಮುಲುಂಡಿನ ಒಂದು ಕನ್ನಡ ಸಂಘದ ಕಾರ್ಯದರ್ಶಿ. ಕಳೆದ ವರ್ಷ ಬಸ್ ಮಾಡಿಕೊಂಡು ಐವತ್ತು ಜನರನ್ನು ಒಂದೇ ದಿನದಲ್ಲಿ ಗೇಟ್‌ವೇ, ಮ್ಯೂಸಿಯಂ, ತಾರಾಲಯ, ವಿಜ್ಞಾನ ಕೇಂದ್ರ, ಹಾಜಿ ಅಲಿ ಎಲ್ಲ ಸುತ್ತಿಸಿದೆವು. ಅರ್ಧ ದಿನ ಟ್ರಾಫಿಕ್‌ನಲ್ಲೇ ಹೋಯಿತು. ಮಕ್ಕಳಿಗೆ ಬೇಜಾರು, ಹಿರಿಯರಿಗೆ ಸುಸ್ತು. ಈ ವರ್ಷ ತಿಂಗಳಿಗೊಂದು ಹೊರಸಂಚಾರ ಮಾಡೋಣ ಅಂತ ಸಮಿತಿ ಹೇಳುತ್ತಿದೆ. ಎಲ್ಲಿಗೆ ಹೋಗಬೇಕು? ದುಡ್ಡು ಕೊಟ್ಟು ಗೈಡ್ ಮಾಡಬೇಕಾ? ಮಂಡಿ ನೋವಿನ ಹಿರಿಯರನ್ನೂ ಮಕ್ಕಳನ್ನೂ ಒಟ್ಟಿಗೆ ಕರೆದುಕೊಂಡು ಹೋಗುವುದು ಹೇಗೆ?

ಉತ್ತರ: ಕಾರ್ಯದರ್ಶಿಗಳೇ, ನಿಮ್ಮ ಸಮಿತಿ ಇಷ್ಟಾದ ಮೇಲೂ ಕೈಬಿಡದೆ ತಿಂಗಳಿಗೊಂದು ಮಾಡೋಣ ಅಂದಿದೆ. ಅದೇ ದೊಡ್ಡ ವಿಷಯ. ಮುಂಬೈಯ ಕನ್ನಡ ಮತ್ತು ತುಳು ಕುಟುಂಬಗಳ ಗುಂಪುಗಳಿಗೆ ಈ ನಗರವನ್ನು ತೋರಿಸುವುದು ನನ್ನ ಕೆಲಸ. ನಿಮ್ಮ ಪತ್ರದಲ್ಲಿರುವ ಕಷ್ಟವನ್ನು ಬಹಳ ಸಂಘಗಳು ಹೇಳುತ್ತವೆ. ಕಾರಣವೂ ಹೆಚ್ಚುಕಡಿಮೆ ಒಂದೇ. ಬಸ್ಸಿಗೆ ದುಡ್ಡು ಕೊಟ್ಟಿದ್ದೇವೆ, ಆದಷ್ಟು ಜಾಗ ನೋಡಿಬಿಡೋಣ ಅನ್ನುವ ಲೆಕ್ಕಾಚಾರ. ಈ ಲೆಕ್ಕಾಚಾರ ಬಿಡಿ. ಒಂದು ದಿನಕ್ಕೆ ಒಂದೇ ಜಾಗ ಸಾಕು. ಆ ಜಾಗದಲ್ಲೂ ಎಲ್ಲವನ್ನೂ ನೋಡಬೇಕಾಗಿಲ್ಲ. ಹೊರಡುವ ಮುಂಚೆ ಒಂದು ಪ್ರಶ್ನೆ ಇಟ್ಟುಕೊಳ್ಳಿ, ಅದಕ್ಕೆ ಉತ್ತರ ಸಿಗುವಷ್ಟು ನೋಡಿ, ಊಟ ಮಾಡಿ, ವಾಪಸ್ ಬನ್ನಿ.

ಇದು ಹೇಗೆ ಅಂತ ಒಂದು ಜಾಗ ಹಿಡಿದೇ ಹೇಳುತ್ತೇನೆ. ಮೊದಲ ಹೊರಸಂಚಾರಕ್ಕೆ ದಕ್ಷಿಣ ಮುಂಬೈಯ ಫೋರ್ಟಿನ ಛತ್ರಪತಿ ಶಿವಾಜಿ ಮಹಾರಾಜ ವಸ್ತುಸಂಗ್ರಹಾಲಯವನ್ನೇ ಆರಿಸಿ. ನಮ್ಮ ಹಿರಿಯರು ಇವತ್ತಿಗೂ ಪ್ರಿನ್ಸ್ ಆಫ್ ವೇಲ್ಸ್ ಮ್ಯೂಸಿಯಂ ಅಂತಲೇ ಕರೆಯುವುದು ಇದನ್ನೇ. 1905ರಲ್ಲಿ ಅಡಿಗಲ್ಲು ಬಿತ್ತು. ಕಟ್ಟಡ 1914ರ ಹೊತ್ತಿಗೆ ಮುಗಿದರೂ ಮೊದಲ ಮಹಾಯುದ್ಧದಲ್ಲಿ ಸೈನಿಕರ ಆಸ್ಪತ್ರೆಯಾಗಿತ್ತು. ಜನರಿಗೆ ಮ್ಯೂಸಿಯಂ ಆಗಿ ತೆರೆದದ್ದು 1922ರಲ್ಲಿ. ಹೋದ ವರ್ಷ ನಿಮ್ಮವರು ಇದರೊಳಗೆ ಹೋಗಿ ಬಂದಿದ್ದಾರೆ, ನಿಜ. ಈ ಸಲ ಒಂದೇ ಪ್ರಶ್ನೆ ಇಟ್ಟುಕೊಂಡು ಹೋಗಿ: ಈ ಕಟ್ಟಡದಲ್ಲಿ ನಮ್ಮ ಕಡೆಯದು ಏನೇನಿದೆ?

ಕಟ್ಟಡದಿಂದಲೇ ಶುರು ಮಾಡಿ. ಇದನ್ನು ಕಟ್ಟಿಸಿದ ವಾಸ್ತುಶಿಲ್ಪಿ ಜಾರ್ಜ್ ವಿಟೆಟ್. ಗೇಟ್‌ವೇ ಆಫ್ ಇಂಡಿಯಾ ಕೂಡ ಅವನದೇ. ನಡುವಿನ ಹಾಲ್‌ನಲ್ಲಿ ನಿಂತು ಎಲ್ಲರಿಗೂ ತಲೆ ಎತ್ತಿ ನೋಡಲು ಹೇಳಿ. ಗುಮ್ಮಟವನ್ನು ಹೊತ್ತ ಕಮಾನುಗಳು ಒಂದಕ್ಕೊಂದು ಹೆಣೆದುಕೊಂಡು ಮೇಲೆ ಹೋಗುತ್ತವೆ. ವಿಟೆಟ್ ಅದಕ್ಕೆ ಇಟ್ಟುಕೊಂಡ ಮಾದರಿ ನಮ್ಮ ವಿಜಯಪುರದ ಗೋಲ್ ಗುಂಬಜ್. ಗುಂಪಿನಲ್ಲಿ ಆ ಕಡೆಯವರು ಒಬ್ಬರಾದರೂ ಇದ್ದೇ ಇರುತ್ತಾರೆ. ನೀವು ವಿವರಿಸುವ ಮೊದಲು ಅವರನ್ನು ಕೇಳಿ, ‘ಇದನ್ನು ಎಲ್ಲಾದರೂ ನೋಡಿದ ಹಾಗಿದೆಯಾ?’ ಅಂತ. ಅವರ ಬಾಯಿಂದಲೇ ಉತ್ತರ ಬರಲಿ. ಆಗ ಇಡೀ ಗುಂಪು ಕಿವಿ ಕೊಡುತ್ತದೆ.

ಆಮೇಲೆ ಶಿಲ್ಪಗಳ ವಿಭಾಗಕ್ಕೆ ಹೋಗಿ. ಅಲ್ಲಿ ಐಹೊಳೆಯಿಂದ ಬಂದ ಶಿಲ್ಪಗಳಿವೆ. ಬ್ರಹ್ಮನ ಫಲಕದ ಮುಂದೆ ನಿಲ್ಲಿ. ಸುಮ್ನೆ ನಿಲ್ಲಿ, ಸ್ವಲ್ಪ ಹೊತ್ತು ಯಾರೂ ಮಾತಾಡುವುದು ಬೇಡ. ನಂತರ ಮಕ್ಕಳಿಗೆ ಕೇಳಿ, ಎಷ್ಟು ಮುಖ ಕಾಣುತ್ತದೆ? ನಾಲ್ಕನೆಯದು ಎಲ್ಲಿ ಹೋಯಿತು? ಕಲ್ಲಿನ ಹಿಂದೆ ಇದೆ ಅಂತ ಯಾವುದಾದರೂ ಮಗು ಹೇಳಿಯೇ ಹೇಳುತ್ತದೆ. ಆಗ ಇನ್ನೊಂದು ಪ್ರಶ್ನೆ ಕೇಳಿ, ಈ ಕಲ್ಲು ದೇವಸ್ಥಾನದಲ್ಲಿ ಎಲ್ಲಿತ್ತು? ಗೋಡೆಯಲ್ಲಲ್ಲ, ಚಾವಣಿಯಲ್ಲಿ. ಸುಮಾರು 1300 ವರ್ಷಗಳ ಹಿಂದೆ ಐಹೊಳೆಯ ಗುಡಿಗೆ ಬಂದವರು ಕತ್ತು ಹಿಂದಕ್ಕೆ ಮಾಡಿ ಮೇಲೆ ನೋಡುತ್ತಿದ್ದರು. ಇಲ್ಲಿ ನಾವು ನೇರ ನಿಂತು ನೋಡುತ್ತಿದ್ದೇವೆ. ಶಿಲ್ಪಿ ಕೆಳಗಿನಿಂದ ನೋಡುವವರಿಗಾಗಿ ಕೆತ್ತಿದ್ದು. ಮಕ್ಕಳು ಕೆಳಗೆ ಕೂತು ಒಮ್ಮೆ ಮೇಲೆ ನೋಡಲಿ. ವ್ಯತ್ಯಾಸ ಅವರಿಗೇ ತಿಳಿಯುತ್ತದೆ.

ಇಷ್ಟಕ್ಕೇ ಒಂದೂವರೆ ಗಂಟೆ ಬೇಕು. ಇಷ್ಟೇ ಸಾಕು ಕೂಡ. ಉಳಿದ ಗ್ಯಾಲರಿಗಳನ್ನು ಬೇಕಾದವರು ಅವರವರ ಪಾಡಿಗೆ ಸುತ್ತಲಿ. ಟಿಕೆಟ್ ದುಡ್ಡು ದಂಡ ಆಯಿತು ಅಂತ ಸಮಿತಿಯಲ್ಲಿ ಯಾರಾದರೂ ಅಂದರೆ, ಮುಂದಿನ ವಾರ ಮಕ್ಕಳಿಗೆ ಏನು ನೆನಪಿದೆ ಅಂತ ಕೇಳಿ ನೋಡಲು ಹೇಳಿ.

ಎರಡನೆಯ ಹೊರಸಂಚಾರ ಇದಕ್ಕೆ ಅಂಟಿಕೊಂಡೇ ಬರಲಿ, ಅಂದರೆ ಎಲಿಫೆಂಟಾ ದ್ವೀಪದ ಗುಹೆಗಳು, ಅಲ್ಲಿಯವರ ಘಾರಾಪುರಿ. ಐಹೊಳೆಯ ಮೇಗುತಿ ಗುಡಿಯಲ್ಲಿ ರವಿಕೀರ್ತಿ ಬರೆದ 634ರ ಶಾಸನ ಇದೆ. ಇಮ್ಮಡಿ ಪುಲಕೇಶಿ ಹಡಗುಗಳನ್ನು ಕಟ್ಟಿಕೊಂಡು ಪಶ್ಚಿಮ ಸಮುದ್ರದ ಲಕ್ಷ್ಮಿಯಂತಿದ್ದ ‘ಪುರಿ’ಯನ್ನು ಮುತ್ತಿದ ಅಂತ ಅದರಲ್ಲಿದೆ. ಆ ಪುರಿ ಇದೇ ಘಾರಾಪುರಿ ಅನ್ನುವ ವಿದ್ವಾಂಸರಿದ್ದಾರೆ. ಅಲ್ಲ, ದಕ್ಷಿಣಕ್ಕೆ ಜಂಜೀರಾ ಹತ್ತಿರದ ಜಾಗ ಅನ್ನುವವರೂ ಇದ್ದಾರೆ. ಗುಂಪಿಗೆ ಎರಡೂ ಹೇಳಿ. ಬರೀ ಹೆಮ್ಮೆಗಾಗಿ ಒಂದನ್ನು ಮುಚ್ಚಿಡಬೇಡಿ. ವಾದ ಎರಡೂ ಕಡೆಯದು ಕೇಳಿದಾಗ ದೊಡ್ಡ ಮಕ್ಕಳಿಗೆ ಇತಿಹಾಸದಲ್ಲಿ ಆಸಕ್ತಿ ಜಾಸ್ತಿ ಹುಟ್ಟುತ್ತದೆ.

ಗುಹೆಯೊಳಗೆ ಕಾಲಿಟ್ಟ ತಕ್ಷಣ ವಿವರಣೆ ಶುರು ಮಾಡುವುದು ಗೈಡ್‌ಗಳ ಅಭ್ಯಾಸ. ನೀವು ಹಾಗೆ ಮಾಡಬೇಡಿ. ಬಿಸಿಲಿನಿಂದ ಬಂದ ಕಣ್ಣಿಗೆ ಮೊದಲು ಬರೀ ಕಂಬಗಳು ಕಾಣುತ್ತವೆ. ಎರಡು ಮೂರು ನಿಮಿಷ ಬಿಡಿ. ದಕ್ಷಿಣದ ಗೋಡೆಯ ಕತ್ತಲಿಂದ ಸದಾಶಿವನ ಮುಖಗಳು ಒಂದೊಂದಾಗಿ ಹೊರಗೆ ಬರುತ್ತವೆ, ನಡುವಿನದು ಶಾಂತ, ಒಂದು ಪಕ್ಕದ್ದು ಉಗ್ರ, ಇನ್ನೊಂದು ಪಕ್ಕದ್ದು ಮೃದು. ಐದೂವರೆ ಮೀಟರ್ ಹತ್ತಿರ ಎತ್ತರದ ಆ ಶಿಲ್ಪದ ಮುಂದೆ ನಮ್ಮ ಅಜ್ಜಿಯರು ತಾವಾಗಿಯೇ ಕೈ ಮುಗಿಯುತ್ತಾರೆ. ಆಗ ನಿಮ್ಮ ಮಾತಿಗೆ ಅವಸರ ಇಲ್ಲ.

ಈ ಜಾಗಕ್ಕೆ ಕೆಲವು ಎಚ್ಚರ ಬೇಕು. ಸೋಮವಾರ ಗುಹೆ ಮುಚ್ಚಿರುತ್ತದೆ. ಮಳೆಗಾಲದಲ್ಲಿ ಸಮುದ್ರ ಕೆಟ್ಟರೆ ಗೇಟ್‌ವೇಯಿಂದ ದೋಣಿ ನಿಲ್ಲಿಸುತ್ತಾರೆ, ಆದ್ದರಿಂದ ಡಿಸೆಂಬರ್, ಜನವರಿ ಒಳ್ಳೆಯದು. ದೋಣಿಗೆ ಒಂದು ಗಂಟೆ ಹಿಡಿಯುತ್ತದೆ. ಜೆಟ್ಟಿಯಿಂದ ಬುಡದವರೆಗೆ ಪುಟ್ಟ ರೈಲು ಇದೆ, ಆಮೇಲೆ 120 ಮೆಟ್ಟಿಲು. ಮಂಡಿ ನೋವಿದ್ದವರಿಗೆ ಡೋಲಿ ಸಿಗುತ್ತದೆ. ದರವನ್ನು ಹತ್ತುವ ಮುಂಚೆಯೇ ಮಾತಾಡಿಕೊಳ್ಳಿ.

ಇಲ್ಲಿ ನಿಮ್ಮ ಎರಡನೆಯ ಪ್ರಶ್ನೆಗೆ ಬರುತ್ತೇನೆ, ಗೈಡ್ ವಿಷಯ. ಎಲಿಫೆಂಟಾದಂಥ ಜಾಗಕ್ಕೆ ಲೈಸೆನ್ಸ್ ಇರುವ ಗೈಡ್ ಬೇಕು, ದುಡ್ಡು ಕೊಡಿ, ಚೌಕಾಸಿ ಮಾಡಬೇಡಿ. ಅವರು ಹಿಂದಿಯಲ್ಲೋ ಮರಾಠಿಯಲ್ಲೋ ಹೇಳುತ್ತಾರೆ. ಪಕ್ಕದಲ್ಲಿ ನಿಮ್ಮವರೊಬ್ಬರು ಇದ್ದು ಹಿರಿಯರಿಗೆ ಕನ್ನಡದಲ್ಲಿ ಹೇಳಲಿ. ಮಕ್ಕಳಲ್ಲಿ ಬಹಳ ಜನರಿಗೆ ಕನ್ನಡ ಮನೆಯ ಮಾತು ಮಾತ್ರ. ದೇವಸ್ಥಾನ, ಶಾಸನ, ನೌಕೆ, ಕಮಾನು ಇಂಥ ಪದಗಳು ಅವರ ಕಿವಿಗೆ ಬೀಳುವುದೇ ಇಂಥ ಹೊತ್ತಿನಲ್ಲಿ. ಅದೂ ಒಂದು ಲಾಭ ಅಲ್ವಾ?

ಆದರೆ ಎಲ್ಲ ಜಾಗಕ್ಕೂ ಹೊರಗಿನ ಗೈಡ್ ಬೇಕಿಲ್ಲ. ಅರ್ಧ ಗೈಡ್‌ಗಳು ನಿಮ್ಮ ಸಂಘದಲ್ಲೇ ಇದ್ದಾರೆ. ನಾನು ಒತ್ತಿ ಹೇಳಬೇಕೆಂದಿರುವುದು ಇದನ್ನೇ. ಫೋರ್ಟಿನ ಉಡುಪಿ ಹೋಟೆಲುಗಳಲ್ಲಿ ಹಗಲು ಲೋಟ ತೊಳೆದು, ರಾತ್ರಿ ಕನ್ನಡ ರಾತ್ರಿ ಶಾಲೆಯಲ್ಲಿ ಮೆಟ್ರಿಕ್ ಮುಗಿಸಿ, ಆಮೇಲೆ ಬ್ಯಾಂಕಿಗೋ ರೈಲ್ವೆಗೋ ಸೇರಿದವರು ನಿಮ್ಮ ಸಂಘದಲ್ಲಿ ಖಂಡಿತ ಇರುತ್ತಾರೆ. ಫೋರ್ಟಿನಲ್ಲಿ ನಡೆದು ನೋಡುವ ದಿನ ಅವರನ್ನು ಮುಂದೆ ಬಿಡಿ. ವಿಕ್ಟೋರಿಯಾ ಕಾಲದ ಗೋಥಿಕ್ ಕಟ್ಟಡಗಳು ಮತ್ತು ಆರ್ಟ್ ಡೆಕೋ ಕಟ್ಟಡಗಳ ಸಾಲಿಗೆ 2018ರಲ್ಲಿ ಯುನೆಸ್ಕೋ ಮಾನ್ಯತೆ ಸಿಕ್ಕಿತು, ಸಿಎಸ್‌ಟಿ (ಈಗಿನ ಹೆಸರು ಸಿಎಸ್‌ಎಂಟಿ) ರೈಲು ನಿಲ್ದಾಣಕ್ಕೆ 2004ರಲ್ಲೇ ಸಿಕ್ಕಿತ್ತು. ಈ ಮಾಹಿತಿ ಎಲ್ಲ ಗೈಡ್ ಹೇಳುತ್ತಾರೆ. ಯಾವ ಗಲ್ಲಿಯಲ್ಲಿ ಹೋಟೆಲ್ ಇತ್ತು, ರಾತ್ರಿ ಹೋಟೆಲ್ ಮುಚ್ಚಿದ ಮೇಲೆ ಹುಡುಗರು ಎಲ್ಲಿ ಮಲಗುತ್ತಿದ್ದರು, ರಾತ್ರಿ ಶಾಲೆಯ ಮೇಷ್ಟ್ರು ಹೇಗೆ ಪಾಠ ಮಾಡುತ್ತಿದ್ದರು ಅನ್ನುವುದನ್ನು ಅವರಲ್ಲದೆ ಬೇರೆ ಯಾರು ಹೇಳಬೇಕು? ಅವರು ಹೇಳಿದ್ದನ್ನು ಯಾರಾದರೂ ಹುಡುಗರು ಫೋನಿನಲ್ಲಿ ರೆಕಾರ್ಡ್ ಮಾಡಿಕೊಳ್ಳಲಿ. ಹತ್ತು ವರ್ಷ ಬಿಟ್ಟರೆ ಕೇಳಲು ಅವರು ಇರುವುದಿಲ್ಲ.

ಅದೇ ದಿನ ಸಿಎಸ್‌ಟಿ ಎದುರಿನ ಮಹಾನಗರಪಾಲಿಕೆಯ ಕಟ್ಟಡವನ್ನೂ ತೋರಿಸಿ. ಎರಡನ್ನೂ ರೂಪಿಸಿದವನು ಎಫ್. ಡಬ್ಲ್ಯೂ. ಸ್ಟೀವನ್ಸ್. ಪಾಲಿಕೆಯ ಕಟ್ಟಡ 1893ರದು. ವಾರಾಂತ್ಯದಲ್ಲಿ ಅದರ ಒಳಗನ್ನು ಗೈಡ್ ಜೊತೆ ತೋರಿಸುವ ಕಾರ್ಯಕ್ರಮ 2021ರಲ್ಲಿ ಶುರುವಾಯಿತು. ಈಗ ಯಾವ ದಿನ, ಎಷ್ಟು ಜನರಿಗೆ ಅಂತ ವಿಚಾರಿಸಿಕೊಂಡೇ ಹೋಗಿ.

ವಿಜ್ಞಾನದ ಜಾಗಗಳಿಗೆ ಬಂದರೆ, ವರ್ಲಿಯ ನೆಹರು ವಿಜ್ಞಾನ ಕೇಂದ್ರ ಮತ್ತು 1977ರಲ್ಲಿ ತೆರೆದ ತಾರಾಲಯ ಎಲ್ಲರಿಗೂ ಗೊತ್ತು. ತಾರಾಲಯಕ್ಕೆ ಸೋಮವಾರ ರಜೆ. ವಿಜ್ಞಾನ ಕೇಂದ್ರದಲ್ಲಿ ಮಕ್ಕಳನ್ನು ಸಾಲಾಗಿ ನಡೆಸಬೇಡಿ, ಮುಟ್ಟಿ ತಿರುಗಿಸಿ ನೋಡಲಿಕ್ಕೇ ಅಲ್ಲಿನ ಸಾಮಾನು ಇರುವುದು. ಇದರ ಬಗ್ಗೆ ಹೆಚ್ಚು ಹೇಳುವುದಿಲ್ಲ. ನನಗೆ ಇನ್ನೂ ಇಷ್ಟವಾದ ಒಂದು ವಿಜ್ಞಾನದ ಕಥೆ ಇದೆ, ಅದು ಶುರುವಾಗುವುದು ಬಸ್ ಡಿಪೋದಲ್ಲಿ.

ವಡಾಲಾ ಕಡೆಯ ಆಣಿಕ್ ಡಿಪೋದಲ್ಲಿ, ಮುಂಬೈಯ ಸಿಟಿ ಬಸ್ ಓಡಿಸುವ ಬೆಸ್ಟ್‌ನವರ ಮ್ಯೂಸಿಯಂ ಇದೆ. ಹಳೆಯ ಟಿಕೆಟ್ ಯಂತ್ರಗಳು, ಟ್ರಾಮ್ ಮತ್ತು ಬಸ್ಸಿನ ಮಾದರಿಗಳು ಅಲ್ಲಿವೆ. ಮುಂಬೈಯಲ್ಲಿ ಕುದುರೆ ಎಳೆಯುವ ಟ್ರಾಮ್ ಬಂದದ್ದು 1874ರಲ್ಲಿ, ಕರೆಂಟಿನ ಟ್ರಾಮ್ 1907ರಲ್ಲಿ, ಬಸ್ 1926ರಲ್ಲಿ. ಕೊನೆಯ ಟ್ರಾಮ್ ಓಡಿದ್ದು 1964ರ ಮಾರ್ಚ್ 31ರಂದು. ಅಂದರೆ ಎಪ್ಪತ್ತೈದು ದಾಟಿದ ನಿಮ್ಮ ಸದಸ್ಯರು ಟ್ರಾಮಿನಲ್ಲಿ ಓಡಾಡಿರಬಹುದು. ಇಲ್ಲೂ ಅವರೇ ಗೈಡ್.

ಈಗ ವಿಜ್ಞಾನಕ್ಕೆ ಬನ್ನಿ. ಕೊಲಾಬಾದಲ್ಲಿ 1826ರಿಂದ ಒಂದು ವೀಕ್ಷಣಾಲಯ ಇತ್ತು. ಅಲ್ಲಿ 1841ರಿಂದ ಭೂಮಿಯ ಕಾಂತಶಕ್ತಿಯನ್ನು ಬಿಡದೆ ಅಳೆಯುತ್ತಿದ್ದರು. 1859ರ ಸೆಪ್ಟೆಂಬರ್‌ನಲ್ಲಿ ಸೂರ್ಯನಿಂದ ಬಂದ ದೊಡ್ಡ ಕಾಂತ ಬಿರುಗಾಳಿ ಈ ಕೊಲಾಬಾದ ದಾಖಲೆಯಲ್ಲಿ ಸಿಕ್ಕಿದೆ. ಜಗತ್ತಿನ ವಿಜ್ಞಾನಿಗಳು ಇವತ್ತಿಗೂ ಅದನ್ನು ತೆಗೆದು ನೋಡುತ್ತಾರೆ. ಅಷ್ಟರಲ್ಲಿ ಕರೆಂಟಿನ ಟ್ರಾಮ್ ತರುವ ಮಾತು ಬಂತು. ಕರೆಂಟ್ ಹರಿದರೆ ಸುತ್ತ ಕಾಂತಶಕ್ತಿ ಹುಟ್ಟುತ್ತದೆ, ಅಳತೆ ಕೆಡುತ್ತದೆ. ಆಗ ನಿರ್ದೇಶಕರಾಗಿದ್ದವರು ನಾನಾಭಾಯ್ ಮೂಸ್, ಆ ಹುದ್ದೆಗೆ ಬಂದ ಮೊದಲ ಭಾರತೀಯ. ಅವರ ಕಾಲದಲ್ಲಿ ಸಮುದ್ರದ ಆಚೆ ಅಲಿಬಾಗಿನಲ್ಲಿ ಹೊಸ ವೀಕ್ಷಣಾಲಯ ಕಟ್ಟಿದರು. 1904ರಿಂದ ಎರಡು ವರ್ಷ ಎರಡೂ ಕಡೆ ಒಟ್ಟಿಗೆ ಅಳೆದು, ಹಳೆಯ ಲೆಕ್ಕಕ್ಕೂ ಹೊಸ ಲೆಕ್ಕಕ್ಕೂ ಹೊಂದಿಕೆ ಇದೆಯಾ ನೋಡಿ, ಆಮೇಲೆ ಕೊಲಾಬಾದ್ದು ನಿಲ್ಲಿಸಿದರು. ಆ ಶ್ರದ್ಧೆಯಿಂದಲೇ ಅಷ್ಟು ಉದ್ದದ ದಾಖಲೆ ನಮ್ಮ ಕೈಗೆ ಬಂದಿದೆ.

ಇದನ್ನು ಬರೀ ಹೇಳಬೇಡಿ, ಮಾಡಿ ತೋರಿಸಿ. ಒಂದು ಪುಟ್ಟ ದಿಕ್ಸೂಚಿ, ಒಂದು ಬ್ಯಾಟರಿ ಸೆಲ್, ಒಂದು ಮೊಳ ತಂತಿ ಚೀಲದಲ್ಲಿರಲಿ. ಡಿಪೋದ ಹೊರಗೆ ಕಬ್ಬಿಣ ಇಲ್ಲದ ಕಡೆ ದಿಕ್ಸೂಚಿ ಇಡಿ, ಮುಳ್ಳು ನಿಲ್ಲುವವರೆಗೆ ಕಾಯಿರಿ. ಮುಳ್ಳಿನ ಮೇಲೆ ಅದೇ ದಿಕ್ಕಿಗೆ ತಂತಿ ಹಿಡಿದು, ಒಂದು ಕ್ಷಣ ಸೆಲ್ಲಿಗೆ ಮುಟ್ಟಿಸಿ ತೆಗೆಯಿರಿ. ಮುಳ್ಳು ತಟ್ಟನೆ ಪಕ್ಕಕ್ಕೆ ತಿರುಗುತ್ತದೆ. ಜಾಸ್ತಿ ಹೊತ್ತು ಹಿಡಿದರೆ ತಂತಿ ಬಿಸಿಯಾಗುತ್ತದೆ, ಹಾಗಾಗಿ ದೊಡ್ಡವರೇ ಹಿಡಿಯಲಿ. ಆಮೇಲೆ ಒಳಗೆ ಹೋಗಿ ಟ್ರಾಮಿನ ಮಾದರಿ ನೋಡಿದರೆ ಮಕ್ಕಳ ಕಣ್ಣಿಗೆ ಅದು ಬೇರೆಯೇ ಕಾಣುತ್ತದೆ. ಈ ಮ್ಯೂಸಿಯಂ ಚಿಕ್ಕದು, ಎಲ್ಲ ದಿನವೂ ತೆರೆದಿರುವುದಿಲ್ಲ, ಕೇಳಿಕೊಂಡು ಹೋಗಿ. ಸೂರಿನ ಕೆಳಗಿನ ಜಾಗ ಆದ್ದರಿಂದ ಜುಲೈಗೆ ಇಟ್ಟುಕೊಳ್ಳಿ. ಮಧ್ಯಾಹ್ನದ ಊಟಕ್ಕೆ ಮಾಟುಂಗಾ ಹತ್ತಿರವೇ ಇದೆ, ಬಾಳೆ ಎಲೆಯ ಊಟ ಬಿಟ್ಟು ಬರಬೇಡಿ.

ಫೆಬ್ರವರಿ 28 ರಾಷ್ಟ್ರೀಯ ವಿಜ್ಞಾನ ದಿನ. ಅದರ ಆಸುಪಾಸಿನಲ್ಲಿ ಕೊಲಾಬಾದ ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆಯೂ ಮಾನ್‌ಖುರ್ದಿನ ಹೋಮಿ ಭಾಭಾ ವಿಜ್ಞಾನ ಶಿಕ್ಷಣ ಕೇಂದ್ರವೂ ವಿದ್ಯಾರ್ಥಿಗಳಿಗೆ, ಜನರಿಗೆ ಕಾರ್ಯಕ್ರಮ ಇಡುತ್ತವೆ. ಜನವರಿಯಲ್ಲೇ ಪ್ರಕಟಣೆ ನೋಡುತ್ತಿರಿ, ಹೆಸರು ಕೊಡಿ. ಸಂಶೋಧನೆ ಮಾಡುವವರ ಜೊತೆ ನೇರ ಮಾತಾಡುವ ಅವಕಾಶ ಸಿಕ್ಕರೆ ಒಂಬತ್ತು, ಹತ್ತನೇ ಕ್ಲಾಸಿನ ಮಕ್ಕಳಿಗೆ ಅದಕ್ಕಿಂತ ಒಳ್ಳೆಯದು ಇಲ್ಲ.

ಮುಲುಂಡಿನವರಾದ ನಿಮಗೆ ಎರಡು ಜಾಗ ಬಾಗಿಲಲ್ಲೇ ಇವೆ. ಒಂದು ಐರೋಲಿ. ಸೇತುವೆ ದಾಟಿದರೆ ಕಡಲ ಜೀವವೈವಿಧ್ಯ ಕೇಂದ್ರ ಇದೆ, ಅಲ್ಲಿಂದ ಥಾಣೆ ಖಾರಿಯ ಫ್ಲೆಮಿಂಗೋ ನೋಡಲು ದೋಣಿ ಹೋಗುತ್ತದೆ. ಖಾರಿ 2015ರಲ್ಲಿ ಫ್ಲೆಮಿಂಗೋ ಅಭಯಾರಣ್ಯ ಆಯಿತು, 2022ರಲ್ಲಿ ಜಗತ್ತಿನ ಮುಖ್ಯ ಜೌಗು ಪ್ರದೇಶಗಳ ರಾಮ್ಸರ್ ಪಟ್ಟಿಗೆ ಸೇರಿತು. ಚಳಿಗಾಲದಿಂದ ಮೇ ತನಕ ಹಕ್ಕಿಗಳಿರುತ್ತವೆ. ದೋಣಿಯ ಸಮಯ ಗಡಿಯಾರ ನೋಡಿ ಇಡುವಂಥದ್ದಲ್ಲ, ಭರತ ಇಳಿತ ನೋಡಿ ಇಡುವುದು. ಹಾಗಾಗಿ ನಿಮ್ಮ ತಾರೀಕು ಮೊದಲು ಇಟ್ಟು ಆಮೇಲೆ ದೋಣಿ ಕೇಳಬೇಡಿ. ದೋಣಿಯ ಸಮಯ ಕೇಳಿ ಆಮೇಲೆ ತಾರೀಕು ಇಡಿ. ಕರಾವಳಿಯಿಂದ ಬಂದ ಹಿರಿಯರು ಭರತ ಇಳಿತವನ್ನು ಮಕ್ಕಳಿಗೆ ನನಗಿಂತ ಚೆನ್ನಾಗಿ ವಿವರಿಸುತ್ತಾರೆ. ಹಕ್ಕಿ ತಲೆಯನ್ನು ತಲೆಕೆಳಗು ಮಾಡಿ ಕೊಕ್ಕಿನಿಂದ ನೀರು ಸೋಸಿ ತಿನ್ನುವುದನ್ನು ಬೈನಾಕ್ಯುಲರ್‌ನಲ್ಲಿ ನೋಡಲಿ. ಆ ಗುಲಾಬಿ ಬಣ್ಣ ತಿನ್ನುವ ಪಾಚಿಯಲ್ಲಿರುವ ಬಣ್ಣದಿಂದಲೇ ಬರುವುದು.

ಇನ್ನೊಂದು ಭಾಂಡುಪಿನ ನೀರು ಶುದ್ಧೀಕರಣ ಕೇಂದ್ರ. ಇದು ನಿಜವಾದ ಪೌರ ಪಾಠ. ಮುಂಬೈಗೆ ಏಳು ಕೆರೆಗಳ ನೀರು. ವಿಹಾರ್, ತುಳಸಿ ಎರಡು ನಗರದೊಳಗೆ. ಭಾತ್ಸಾ, ವೈತರಣಾ ಕಡೆಯ ನೀರು ನೂರು ಕಿಲೋಮೀಟರ್‌ಗೂ ಆಚೆಯಿಂದ ಬರುತ್ತದೆ, ಹೆಚ್ಚಿನ ದಾರಿ ಇಳಿಜಾರಿನಲ್ಲೇ. ಕೆಸರು ಕೆಳಗೆ ಕೂರಿಸಿ, ಮರಳಿನಲ್ಲಿ ಸೋಸಿ, ಕ್ಲೋರಿನ್ ಬೆರೆಸಿ ನಲ್ಲಿಗೆ ಬಿಡುತ್ತಾರೆ. ಮನೆಯಲ್ಲಿ ನಲ್ಲಿ ತೆರೆದಿಟ್ಟು ಹಲ್ಲುಜ್ಜುವ ಹುಡುಗ ಇದನ್ನು ಒಮ್ಮೆ ನೋಡಬೇಕು. ಭದ್ರತೆಯ ಜಾಗ, ಬರೆದ ಅನುಮತಿ ಇಲ್ಲದೆ ಒಳಗೆ ಬಿಡುವುದಿಲ್ಲ. ಪಾಲಿಕೆಯ ನೀರು ವಿಭಾಗಕ್ಕೆ ಸಂಘದ ಲೆಟರ್‌ಹೆಡ್‌ನಲ್ಲಿ ಪತ್ರ ಕೊಡಿ, ಮುಲುಂಡಿನ ಟಿ ವಾರ್ಡ್ ಕಚೇರಿಯಲ್ಲಿ ಪ್ರತಿಗೆ ಸೀಲ್ ಹಾಕಿಸಿಕೊಳ್ಳಿ. ಒಂದೆರಡು ತಿಂಗಳು ಹಿಡಿಯಬಹುದು, ಬೇಸರಪಡಬೇಡಿ.

ಮಳೆ ಸ್ವಲ್ಪ ಇಳಿದ ಸೆಪ್ಟೆಂಬರ್ ಕೊನೆಗೆ ಕಾನ್ಹೇರಿ ಗುಹೆಗಳು. ಬೊರಿವಲಿಯ ರಾಷ್ಟ್ರೀಯ ಉದ್ಯಾನದ ಒಳಗೆ ನೂರಕ್ಕೂ ಹೆಚ್ಚು ಗುಹೆಗಳಿವೆ. ಎಲ್ಲ ಹತ್ತುವ ಹುಚ್ಚು ಬೇಡ. ಮೂರನೇ ಗುಹೆಯ ದೊಡ್ಡ ಚೈತ್ಯ, ಅಂದರೆ ಬೌದ್ಧರ ಪ್ರಾರ್ಥನಾ ಮಂದಿರ, ಅದರ ಮೊಗಸಾಲೆಯ ಎತ್ತರದ ಬುದ್ಧ ನೋಡಿ. ಆಮೇಲೆ ನೀರಿನ ಜಾಡು ಹಿಡಿಯಿರಿ. ಭಿಕ್ಷುಗಳು ಬಂಡೆಯಲ್ಲಿ ಸಣ್ಣ ಕಾಲುವೆ ಕೊರೆದು ಮಳೆ ನೀರನ್ನು ಗುಹೆ ಪಕ್ಕದ ತೊಟ್ಟಿಗೆ ಇಳಿಸಿಕೊಂಡಿದ್ದಾರೆ. ಮಳೆಯ ನಂತರ ಹೋದರೆ ಆ ಕಾಲುವೆಗಳಲ್ಲಿ ಇನ್ನೂ ನೀರು ಜಿನುಗುವುದು ಕಾಣುತ್ತದೆ. ನಮ್ಮ ಅಮೋಘವರ್ಷ ನೃಪತುಂಗನ ಕಾಲದ, 9ನೇ ಶತಮಾನದ ಶಾಸನಗಳೂ ಇಲ್ಲಿವೆ. ರಾಷ್ಟ್ರಕೂಟರ ರಾಜ್ಯ ಇಲ್ಲಿವರೆಗೆ ಇತ್ತು ಅನ್ನುವುದು ಬಂಡೆಯ ಮೇಲೆ ಕಂಡಾಗ ಬರುವ ರೋಮಾಂಚನವೇ ಬೇರೆ. ಪಾಚಿ ಕಟ್ಟಿದ ಮೆಟ್ಟಿಲು ಜಾರುತ್ತದೆ, ತೊರೆಯ ನೀರಿಗೆ ಯಾರನ್ನೂ ಇಳಿಯಲು ಬಿಡಬೇಡಿ. ಸೋಮವಾರ ಇದಕ್ಕೂ ರಜೆ.

ಮಂಡಿ ನೋವಿನವರ ಪ್ರಶ್ನೆ. ಅವರಿಗೆ ಅಂತ ಬೇರೆ ಪ್ರವಾಸ ಮಾಡಬೇಡಿ, ಮನಸ್ಸಿಗೆ ಬೇಜಾರಾಗುತ್ತದೆ. ಕಾನ್ಹೇರಿಯಂಥ ಒಂದು ಜಾಗ ಬಿಟ್ಟರೆ ಉಳಿದ ಎಲ್ಲ ಕಡೆ ಒಟ್ಟಿಗೆ ಹೋಗಬಹುದು, ನಡಿಗೆಯ ವೇಗ ಅವರದಾಗಿರಬೇಕು ಅಷ್ಟೇ. ಪ್ರತಿ ಹಿರಿಯರ ಜೊತೆ ಒಂದು ಮಗು, ಅದು ಅವರದೇ ಮೊಮ್ಮಗು ಆಗಿರಬೇಕಿಲ್ಲ. ಕೂರಲು ಮಡಚುವ ಸ್ಟೂಲು ನಾಲ್ಕಿರಲಿ. ಸಮಿತಿಯ ಇಬ್ಬರು ಒಂದು ವಾರ ಮುಂಚೆ ಹೋಗಿ ಶೌಚಾಲಯ ಎಲ್ಲಿ, ಮೆಟ್ಟಿಲೆಷ್ಟು, ಕುಡಿಯುವ ನೀರು ಎಲ್ಲಿ ಅಂತ ನೋಡಿ ಬರಲೇಬೇಕು. ಹಿರಿಯ ಹೆಂಗಸರು ಬಹಳ ಜನ ಬರದೇ ಇರುವುದು ಮಂಡಿ ನೋವಿಗಲ್ಲ, ಶೌಚಾಲಯದ ಚಿಂತೆಗೆ. ಹೊರಡುವ ಮೆಸೇಜಿನಲ್ಲೇ ಅದನ್ನು ಸ್ಪಷ್ಟವಾಗಿ ಬರೆಯಿರಿ.

ಐವತ್ತು ಜನ ಒಟ್ಟಿಗೆ ಬೇಡ. ಒಬ್ಬರ ದನಿ ಮೈಕ್ ಇಲ್ಲದೆ ಇಪ್ಪತ್ತು ಜನಕ್ಕೆ ಕೇಳುತ್ತದೆ. ಜಾಸ್ತಿ ಹೆಸರು ಬಂದರೆ ಎರಡು ತಂಡ, ಎರಡು ಶನಿವಾರ. ಶನಿವಾರ ಯಾಕೆಂದರೆ ಭಾನುವಾರ ನಮ್ಮ ಸೆಂಟ್ರಲ್ ಲೈನಿನಲ್ಲಿ ಮೆಗಾಬ್ಲಾಕ್, ಅಂದರೆ ಹಳಿ ರಿಪೇರಿಗೆ ಅಂತ ಕೆಲವು ಗಂಟೆ ಗಾಡಿ ನಿಲ್ಲಿಸುತ್ತಾರೆ. ಮಾಟುಂಗಾ, ಮುಲುಂಡ್ ನಡುವೆ ಎಷ್ಟು ಸಲ ಬ್ಲಾಕ್ ಇರುತ್ತದೆ ಅಂತ ನಿಮಗೇ ಗೊತ್ತು. ಬಸ್ಸಿನ ಬದಲು ಲೋಕಲ್ ಹಿಡಿಯಿರಿ, ಬೆಳಗಿನ ಆಫೀಸ್ ಗದ್ದಲ ಇಳಿದ ಮೇಲೆ ಸ್ಲೋ ಗಾಡಿ. ಹೆಸರು ಕೊಡುವಾಗಲೇ ದುಡ್ಡು ತೆಗೆದುಕೊಳ್ಳಿ. ಎಷ್ಟೇ ಕಡಿಮೆ ಇರಲಿ, ದುಡ್ಡು ಕೊಟ್ಟವರು ಬರುತ್ತಾರೆ.

ಈಗ ಮೊದಲು ಮಾಡಬೇಕಾದ್ದು ಎರಡು. ಮ್ಯೂಸಿಯಂಗೆ ಫೋನ್ ಮಾಡಿ ಗುಂಪಿನ ಟಿಕೆಟ್, ಗಾಲಿಕುರ್ಚಿ, ಲಿಫ್ಟ್ ಬಗ್ಗೆ ಕೇಳಿ ತಾರೀಕು ನಿಗದಿ ಮಾಡಿ. ಭಾಂಡುಪಿನ ಅನುಮತಿ ಪತ್ರವನ್ನು ಈ ವಾರವೇ ಕೊಡಿ, ಅದರಲ್ಲಿ ಜನರ ಸಂಖ್ಯೆ, ವಯಸ್ಸು, ನಿಮ್ಮ ಗುರುತಿನ ಚೀಟಿಯ ಪ್ರತಿ, ಮೂರು ಬೇರೆ ಬೇರೆ ತಾರೀಕುಗಳ ಆಯ್ಕೆ ಇರಲಿ.